ದೋಣಿಯನ್ನು ನೀರಿಗಿಳಿಸುವ, ಮೇಲೆತ್ತುವ ಪಜೀತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕುಶಾಲನಗರದ ಕಡೆಯ ಒಂದು ಸಣ್ಣ ಕಾಫಿ ತೋಟದಲ್ಲಿ ಹದಿನಾಲ್ಕು ಅಡಿ ಉದ್ದದ ಫೈಬರ್ ದೋಣಿಯೊಂದನ್ನು ಬಹುಕಾಲದಿಂದ ಇಟ್ಟುಕೊಂಡಿರುವ ನನ್ನನ್ನು ನೆಂಟರೂ ನೆರೆಯವರೂ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ದೋಣಿ ನಡೆಸುವುದು ಹೇಗೆಂದು ಕೇಳಿದವರು ಕಡಿಮೆ. ಹೆಚ್ಚಿನವರ ಕಷ್ಟವೆಲ್ಲ ದಡಕ್ಕೂ ನೀರಿಗೂ ನಡುವೆ ಇರುವ ಇಪ್ಪತ್ತು ಅಡಿ ಇಳಿಜಾರಿನದು. ಮರ್ಯಾದೆ ಹೋಗುವುದೂ ಸಾಮಾನ್ಯವಾಗಿ ಅಲ್ಲಿಯೇ. ಸಮತಟ್ಟಾದ ನೆಲದ ಮೇಲೆ ನಿಂತು ಮುಗಿಸಬೇಕಾಗಿದ್ದ ಕೆಲಸವನ್ನು ಇಳಿಜಾರಿನ ಮೇಲೆ, ಅದೂ ನಾಲ್ಕು ಜನ ನೋಡುತ್ತಿರುವಾಗ, ಆತುರದಲ್ಲಿ ಮಾಡಲು ಹೋಗುವುದೇ ಈ ಪಜೀತಿಗಳ ಮೂಲ ಎಂಬುದು ನನ್ನ ಅನುಭವ.

ಕೊಡಗಿನಲ್ಲಿ ದೋಣಿ ಇಳಿಸುವ ರ‍್ಯಾಂಪ್ ಎಂದರೆ ಯಾವುದು?

ದೋಣಿಯನ್ನು ಟ್ರೈಲರ್ ಎಂಬ, ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಡಿಯ ಮೇಲೆ ತಂದು, ಕಾರನ್ನು ಹಿಮ್ಮುಖವಾಗಿ ನೀರಿನವರೆಗೆ ಬಿಟ್ಟು ತೇಲಿಸುವ ಇಳಿಜಾರೇ ರ‍್ಯಾಂಪ್. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಕೆರೆ, ನದಿ, ಕಡಲ ದಡಗಳಲ್ಲಿ ಸಾರ್ವಜನಿಕರಿಗಾಗಿಯೇ ಅಂಥ ಕಾಂಕ್ರೀಟ್ ಇಳಿಜಾರುಗಳನ್ನು ಕಟ್ಟಿರುತ್ತಾರೆ. ನೂರು ಅಡಿ ಮುಂದೆ ಹೋದರೆ ಹನ್ನೆರಡರಿಂದ ಹದಿನೈದು ಅಡಿ ಕೆಳಗಿಳಿಯುವಷ್ಟು ಓರೆ ಅವಕ್ಕೆ ತಕ್ಕುದೆಂದು ಲೆಕ್ಕ. ಅದಕ್ಕಿಂತ ಸಪಾಟಾಗಿದ್ದರೆ ದೋಣಿ ತೇಲುವ ಮೊದಲೇ ಕಾರಿನ ಹಿಂಭಾಗ ನೀರು ಸೇರುತ್ತದೆ. ಹೆಚ್ಚು ಕಡಿದಾಗಿದ್ದರೆ ಕಾರು ಮೇಲೆ ಬರಲು ಒಪ್ಪುವುದಿಲ್ಲ. ನಮ್ಮಲ್ಲಿ ಅಂಥ ಅಳತೆಯ ಕಟ್ಟಡಗಳಿಗಿಂತ ಕಾವೇರಿಯ ಕಡವುಗಳು, ಜಲಾಶಯದ ಹಿನ್ನೀರಿನ ಕೆಮ್ಮಣ್ಣಿನ ದಡಗಳು, ತೋಟದ ಕೆರೆಯ ಏರಿಗಳು, ಇವೇ ಹೆಚ್ಚು. ಜೋರು ಮಳೆಗಾಲದಲ್ಲಿ ಭಾಗಮಂಡಲದ ತ್ರಿವೇಣಿ ಸಂಗಮ ಉಕ್ಕಿ ರಸ್ತೆ ಮುಳುಗಿದಾಗಲಂತೂ ರಬ್ಬರ್ ದೋಣಿಗಳು ಡಾಂಬರಿನ ಮೇಲಿಂದಲೇ ನೀರಿಗಿಳಿದದ್ದುಂಟು. ಹಾರಂಗಿಯಂಥ ಜಲಾಶಯದಲ್ಲಾಗಲಿ ಅರಣ್ಯದಂಚಿನ ನದಿಯಲ್ಲಾಗಲಿ ಸಂಬಂಧಪಟ್ಟ ಇಲಾಖೆಯ ಅನುಮತಿ ಇಲ್ಲದೆ ದೋಣಿ ಇಳಿಸಬಾರದು ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ.

ದೋಣಿ ನೀರಿಗಿಳಿದ ಹತ್ತು ನಿಮಿಷಕ್ಕೆ ಕಾಲು ಒದ್ದೆಯಾಯಿತು. ದೋಣಿ ಒಡೆದಿದೆಯೆ?

ಒಡೆದಿರುವುದಿಲ್ಲ. ಬಿರಡೆ ನಿಮ್ಮ ಜೇಬಿನಲ್ಲಿದೆ, ಇಲ್ಲವೆ ಕಾರಿನ ಡ್ಯಾಶ್‌ಬೋರ್ಡಿನಲ್ಲಿದೆ.

ದೋಣಿಯ ಹಿಂಬದಿಯ ಹಲಗೆಯ ತಳದಲ್ಲಿ, ಒಳಗೆ ಸೇರಿದ ನೀರು ಬಸಿದುಹೋಗಲೆಂದು, ಒಂದು ತೂತು ಇರುತ್ತದೆ. ಅದಕ್ಕೆ ಹಾಕುವ ಬಿರಡೆ ಹೆಬ್ಬೆರಳಿನ ಗಾತ್ರದ್ದು, ಬೆಲೆಯೂ ಅಷ್ಟರಲ್ಲೇ ಇದೆ. ಆದರೆ ಅದನ್ನು ಮರೆಯದ ದೋಣಿಗಾರನನ್ನು ನಾನು ಇನ್ನೂ ಕಂಡಿಲ್ಲ. ಒಂದು ಅಂಗುಲ ವ್ಯಾಸದ ತೂತು ನೀರಿನ ಮಟ್ಟಕ್ಕಿಂತ ಒಂದು ಗೇಣಿನಷ್ಟು ಕೆಳಗಿದ್ದರೆ ನಿಮಿಷಕ್ಕೆ ಸುಮಾರು 35 ಲೀಟರ್ ನೀರು ಒಳಬರುತ್ತದೆ. ಹತ್ತು ನಿಮಿಷಕ್ಕೆ 350 ಲೀಟರ್ ಎಂದರೆ ಏಳು ಮೂಟೆ ಕಾಫಿಯ ತೂಕವನ್ನು ದೋಣಿಗೆ ಹೇರಿದಂತಾಯಿತು. ತೂಕ ಹೆಚ್ಚಿದಂತೆ ತೂತು ಇನ್ನೂ ಕೆಳಗಿಳಿಯುತ್ತದೆ, ನೀರು ಇನ್ನೂ ವೇಗವಾಗಿ ನುಗ್ಗುತ್ತದೆ.

ಹಾಗಿದ್ದರೆ ಬಿರಡೆಯನ್ನು ಹಾಕಿಯೇ ಇಟ್ಟುಬಿಡಬಾರದೇಕೆ ಎಂದು ನಮ್ಮ ತೋಟದ ಲೆಕ್ಕಪತ್ರ ನೋಡುವ ರೈಟರ್ ಕೇಳಿದರು. ಆ ಬುದ್ಧಿವಂತಿಕೆಯನ್ನು ನಾನೂ ಒಂದು ಜುಲೈಯಲ್ಲಿ ಮಾಡಿ ನೋಡಿದ್ದೇನೆ. ನನ್ನ ದೋಣಿಯ ಬಾಯಿ ಸುಮಾರು ಐದು ಚದರ ಮೀಟರಿನದು. ದಿನಕ್ಕೆ 100 ಮಿಲಿಮೀಟರ್ ಮಳೆ ಸುರಿಯುವುದು ನಮ್ಮ ಊರಿನಲ್ಲಿ ಸುದ್ದಿಯಲ್ಲ. ಅಷ್ಟು ಸುರಿದರೆ ದೋಣಿಯೊಳಗೆ 500 ಲೀಟರ್, ಅಂದರೆ ಅರ್ಧ ಟನ್ ನೀರು ನಿಲ್ಲುತ್ತದೆ. ಎರಡು ದಿನ ಬಿಟ್ಟು ಶೆಡ್ಡಿನ ಹಿಂದೆ ಹೋಗಿ ನೋಡಿದಾಗ ಟ್ರೈಲರಿನ ಒಂದು ಟೈರು ನೆಲಕ್ಕೆ ಅಂಟಿಕೊಂಡಿತ್ತು, ಅಚ್ಚು ಬಾಗಿತ್ತು, ದೋಣಿಯೊಳಗೆ ಎರಡು ಕಪ್ಪೆಗಳು ನೆಮ್ಮದಿಯಿಂದ ಈಜುತ್ತಿದ್ದವು. ಆದ್ದರಿಂದ ನೆಲದ ಮೇಲಿರುವಾಗ ಬಿರಡೆ ತೆಗೆದಿರಬೇಕು, ನೀರಿಗೆ ಇಳಿಸುವಾಗ ಹಾಕಿರಬೇಕು. ನಾನು ಈಗ ಅದನ್ನು ಒಂದು ದಾರಕ್ಕೆ ಕಟ್ಟಿ ಕಾರಿನ ಕೀಲಿಗೊಂಚಲಿಗೇ ಸೇರಿಸಿದ್ದೇನೆ; ಕೀಲಿ ತಿರುಗಿಸುವಾಗ ಅದು ಮಂಡಿಗೆ ಬಡಿದು ನೆನಪು ಮಾಡುತ್ತದೆ.

ಟ್ರೈಲರನ್ನು ಹಿಂದಕ್ಕೆ ಬಿಡುವಾಗ ಅದು ಯಾವಾಗಲೂ ತಪ್ಪು ದಿಕ್ಕಿಗೇ ಏಕೆ ಹೋಗುತ್ತದೆ?

ಕಾರಿನ ಹಿಂಭಾಗ ಎಡಕ್ಕೆ ಸರಿದಾಗ ಟ್ರೈಲರನ್ನು ಸಿಕ್ಕಿಸಿದ ಕೊಂಡಿಯೂ ಎಡಕ್ಕೆ ಸರಿಯುತ್ತದೆ. ಟ್ರೈಲರು ತನ್ನ ಅಚ್ಚಿನ ಸುತ್ತ ತಿರುಗಿ ಅದರ ಬಾಲ ಬಲಕ್ಕೆ ಹೊರಳುತ್ತದೆ. ಆದ್ದರಿಂದ ಸ್ಟೇರಿಂಗನ್ನು ನಮ್ಮ ಅಭ್ಯಾಸಕ್ಕೆ ವಿರುದ್ಧವಾಗಿ ತಿರುಗಿಸಬೇಕು. ಕೈಯನ್ನು ಸ್ಟೇರಿಂಗಿನ ಮೇಲ್ಭಾಗದಲ್ಲಿ ಇಡದೆ ತಳಭಾಗದಲ್ಲಿ ಹಿಡಿದು, ಟ್ರೈಲರು ಯಾವ ಕಡೆಗೆ ಹೋಗಬೇಕೋ ಆ ಕಡೆಗೆ ಕೈಯನ್ನು ಸರಿಸುವುದು ಸುಲಭದ ಉಪಾಯ. ಚಿಕ್ಕ ಟ್ರೈಲರು ದೊಡ್ಡದಕ್ಕಿಂತ ಸುಲಭವೆಂದು ಎಲ್ಲರೂ ತಿಳಿಯುತ್ತಾರೆ, ಆದರೆ ನಿಜ ಅದಕ್ಕೆ ವಿರುದ್ಧವಾಗಿದೆ: ಕೊಂಡಿಗೂ ಅಚ್ಚಿಗೂ ನಡುವಿನ ಅಂತರ ಕಡಿಮೆಯಾದಷ್ಟೂ ಅದು ಬೇಗ ಹೊರಳುತ್ತದೆ, ತಿದ್ದಲು ಸಮಯ ಕೊಡುವುದಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಕಾರಿನ ಬಂಪರಿಗೆ ಮೂಗು ತಾಗಿಸಿ ನಿಂತಿರುತ್ತದೆ. ಆಗ ಹಟ ಹಿಡಿಯದೆ ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಆರಂಭಿಸಬೇಕು.

ಈ ವಿದ್ಯೆಯನ್ನು ಕಲಿಯಲು ತೋಟದ ಟ್ರ್ಯಾಕ್ಟರ್ ಚಾಲಕರಿಗಿಂತ ಒಳ್ಳೆಯ ಗುರು ಇಲ್ಲ. ಗೊಬ್ಬರದ ಟ್ರೈಲರನ್ನು ಎರಡು ಸಿಲ್ವರ್ ಮರಗಳ ನಡುವೆ ಹಿಮ್ಮುಖವಾಗಿ ತೂರಿಸುವ ನಮ್ಮ ಚಾಲಕ, ನಾನು ದೋಣಿಯೊಂದಿಗೆ ಏಳನೆಯ ಸಲ ಅಡ್ಡಾದದ್ದನ್ನು ಒಂದು ಬೀಡಿ ಮುಗಿಯುವವರೆಗೆ ನೋಡಿ, “ಅಣ್ಣಾ, ನೀವು ದೋಣೀನ ನೋಡ್ತಾ ಇದ್ದೀರಿ, ಟೈರ್ ನೋಡಿ” ಎಂದ. ಅಷ್ಟೇ ಪಾಠ. ಕನ್ನಡಿಯಲ್ಲಿ ದೋಣಿಯ ಮೂತಿಯನ್ನು ನೋಡುವುದನ್ನು ಬಿಟ್ಟು ಟ್ರೈಲರಿನ ಚಕ್ರವನ್ನು ನೋಡಲು ತೊಡಗಿದ ಮೇಲೆ ನನ್ನ ಅಡ್ಡಾಟ ಅರ್ಧಕ್ಕಿಳಿಯಿತು.

ಇನ್ನೊಂದು ತೊಂದರೆ, ದಾರಿ ಹೇಳುವವರದು. ವಾಹನ ಹಿಂದಕ್ಕೆ ಬರುತ್ತಿದೆಯೆಂದರೆ ನಮ್ಮ ನಾಡಿನಲ್ಲಿ ಪ್ರತಿಯೊಬ್ಬನೂ ಬಸ್ಸಿನ ಕಂಡಕ್ಟರ್ ಆಗುತ್ತಾನೆ. ಒಬ್ಬರು “ಬರ್ಲಿ, ಬರ್ಲಿ” ಎನ್ನುತ್ತಾರೆ, ಇನ್ನೊಬ್ಬರು “ಫುಲ್ ಲೆಫ್ಟ್ ಹೊಡೀರಿ” ಎನ್ನುತ್ತಾರೆ, ಮೂರನೆಯವರು ಕಾರಿಗೆ ಬೆನ್ನು ಹಾಕಿ ಫೋನಿನಲ್ಲಿ ಯಾರಿಗೋ “ರೈಟ್, ರೈಟ್” ಎನ್ನುತ್ತಿರುತ್ತಾರೆ. ಒಬ್ಬರ ಮಾತನ್ನು ಮಾತ್ರ ಕೇಳುವುದೆಂದು ಮೊದಲೇ ತೀರ್ಮಾನಿಸಿ, ಆ ಒಬ್ಬರು ಕನ್ನಡಿಯಲ್ಲಿ ಕಾಣುವಂತೆ ನಿಲ್ಲಲಿ.

ಹ್ಯಾಂಡ್‌ಬ್ರೇಕ್ ಹಾಕಿದ್ದರೂ ಕಾರು ನೀರಿಗೆ ಜಾರಿತು. ಇದು ಹೇಗೆ ಸಾಧ್ಯ?

ಹೆಚ್ಚಿನ ಕಾರುಗಳ ಹ್ಯಾಂಡ್‌ಬ್ರೇಕ್ ಹಿಂದಿನ ಎರಡು ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ದೋಣಿ ಇಳಿಸುವಾಗ ನೀರಿನಂಚಿನ ಪಾಚಿಯ ಮೇಲೆ ನಿಂತಿರುವುದೂ ಅವೇ ಚಕ್ರಗಳು. ಬ್ರೇಕ್ ತನ್ನ ಕೆಲಸ ಮಾಡಿರುತ್ತದೆ, ಚಕ್ರ ಉರುಳಿರುವುದಿಲ್ಲ. ಉರುಳದ ಚಕ್ರವೇ ಪಾಚಿಯ ಮೇಲೆ ಎಣ್ಣೆ ಸವರಿದಂತೆ ಜಾರಿರುತ್ತದೆ.

ನಮ್ಮ ಬಾವನ ಕಾರಿಗೆ ಆದದ್ದು ಇದೇ. ಹಿನ್ನೀರಿನ ದಡದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನು ಕಟಕಟ ಎಂದು ಕೊನೆಯವರೆಗೂ ಎಳೆದು, ದೋಣಿಯ ಕೊಂಡಿ ಬಿಚ್ಚಲು ಅವರು ಕೆಳಗಿಳಿದರು. ಕಾರು ಬೆಳಗಿನ ವಾಯುವಿಹಾರಕ್ಕೆ ಹೊರಟಂತೆ ನಿಧಾನವಾಗಿ ಹಿಂದೆ ಸರಿಯತೊಡಗಿತು. ಬಾವ ಬಾಗಿಲ ಹಿಡಿ ಹಿಡಿದು ಎರಡು ಹೆಜ್ಜೆ ಅದರ ಜೊತೆಗೇ ನಡೆದರು, ಮೂರನೆಯ ಹೆಜ್ಜೆಗೆ ಕುಳಿತುಬಿಟ್ಟರು. ಡಿಕ್ಕಿ ನೀರು ಸೇರಿ, ಹಿಂದಿನ ಸೀಟಿನ ಮಟ್ಟಕ್ಕೆ ನೀರು ಬಂದಾಗ ಕಾರು ಮಣ್ಣಿನಲ್ಲಿ ಹೂತು ನಿಂತಿತು. ತೆರೆದಿದ್ದ ಬಾಗಿಲಿನಿಂದ ಅಕ್ಕ ಕಟ್ಟಿಕೊಟ್ಟಿದ್ದ ಕಡಂಬುಟ್ಟಿನ (ಅಕ್ಕಿತರಿಯ ಕಡುಬು) ಡಬ್ಬಿ ಹೊರಬಂದು ಮೆಲ್ಲಗೆ ಹಿನ್ನೀರಿನ ನಡುವಿಗೆ ಸಾಗಿತು. ಆ ದಿನ ಚೆನ್ನಾಗಿ ತೇಲಿದ್ದು ಅದೊಂದೇ.

ಮಾಡಬೇಕಾದದ್ದು ಸರಳ. ಚಾಲಕ ಸೀಟು ಬಿಟ್ಟು ಇಳಿಯುವ ಮೊದಲು ಕಾರು ಗೇರಿನಲ್ಲಿರಬೇಕು, ಮುಂದಿನ ಚಕ್ರಗಳಿಗೆ ಒಳ್ಳೆಯ ಕಲ್ಲು ಕೊಟ್ಟಿರಬೇಕು. ಆ ಕಲ್ಲಿಗೆ ಹಗ್ಗ ಕಟ್ಟಿದ್ದರೆ ಹೊರಡುವಾಗ ಎಳೆದುಕೊಳ್ಳಬಹುದು. ಇಳಿಜಾರಿನಲ್ಲಿ ಕಾರಿನ ಗಾಜು ಇಳಿಸಿರಲಿ, ಸೀಟ್‌ಬೆಲ್ಟ್ ಬಿಚ್ಚಿರಲಿ. ಮುಂದಿನ ಚಕ್ರಗಳಿಂದ ಎಳೆಯುವ ಕಾರುಗಳಿಗೆ ಮೇಲೇರುವಾಗ ಇನ್ನೊಂದು ಕಷ್ಟವಿದೆ: ಭಾರವೆಲ್ಲ ಹಿಂದಕ್ಕೆ ಜಗ್ಗುವುದರಿಂದ ಮುಂದಿನ ಚಕ್ರಗಳಿಗೆ ಹಿಡಿತ ಸಾಲದೆ ಅವು ಒಂದೇ ಕಡೆ ತಿರುಗಿ ಕೆಸರೆರಚುತ್ತವೆ. ನಮ್ಮ ಕಡೆಯ ಹಳೆಯ ಫೋರ್‌ವ್ಹೀಲ್ ಜೀಪುಗಳಿಗೆ ಬೆಲೆ ಇಳಿಯದಿರಲು ಇದೂ ಒಂದು ಕಾರಣವಿರಬೇಕು. ನೀರಿಗೆ ಬಿದ್ದ ಕಾರನ್ನು ಮೇಲೆಳೆದ ತಕ್ಷಣ ಸ್ಟಾರ್ಟ್ ಮಾಡಿ ನೋಡುವ ಆಸೆಯನ್ನು ಮಾತ್ರ ತಡೆದುಕೊಳ್ಳಿ. ಸಿಲಿಂಡರಿನೊಳಗೆ ನೀರು ಸೇರಿದ್ದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬಂದು ಅದಕ್ಕೆ ಗುದ್ದಿದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಯವರೆಗೆ ಸೀಟು ತೊಳೆದು ಮುಗಿಯಬಹುದಾಗಿದ್ದ ಕಥೆ ಎಂಜಿನ್ ಇಳಿಸುವವರೆಗೆ ಬೆಳೆಯುತ್ತದೆ.

ಪಟ್ಟಿಗಳನ್ನು ಯಾವಾಗ ಬಿಚ್ಚಬೇಕು?

ದೋಣಿಯ ಹಿಂಭಾಗವನ್ನು ಟ್ರೈಲರಿಗೆ ಬಿಗಿದ ಪಟ್ಟಿಗಳನ್ನು ಮೇಲೆ, ಸಮತಟ್ಟಾದ ಜಾಗದಲ್ಲಿಯೇ ಬಿಚ್ಚಬೇಕು. ಮೂತಿಗೆ ಸಿಕ್ಕಿಸಿದ ವಿಂಚಿನ, ಅಂದರೆ ಹಿಡಿ ತಿರುಗಿಸಿ ದೋಣಿಯನ್ನು ಎಳೆಯುವ ರಾಟೆಯ, ಕೊಕ್ಕೆಯನ್ನು ಮಾತ್ರ ದೋಣಿಯ ಹಿಂಭಾಗ ತೇಲುವವರೆಗೂ ಬಿಚ್ಚಬಾರದು. ಮೊದಲನೆಯದನ್ನು ಮರೆತರೆ ದೋಣಿ ಟ್ರೈಲರನ್ನೂ ಹೊತ್ತುಕೊಂಡು ತೇಲಲು ಹೊರಡುತ್ತದೆ, ಕಾರಿನ ಹಿಂಭಾಗವೂ ಹಗುರಾಗಿ ಹಿಡಿತ ತಪ್ಪುತ್ತದೆ. ಎರಡನೆಯದನ್ನು ಆತುರದಿಂದ ಬಿಚ್ಚಿದರೆ ರೋಲರುಗಳ ಮೇಲೆ ಕುಳಿತ ದೋಣಿ ನೀರು ತಲುಪುವ ಮೊದಲೇ ಕಾಂಕ್ರೀಟಿನ ಮೇಲೆ ಇಳಿದುಬಿಡುತ್ತದೆ. ಅಂಥ ದೋಣಿಯನ್ನು ಎತ್ತಿ ಮತ್ತೆ ಟ್ರೈಲರಿಗೇರಿಸಲು ಎಂಟು ಜನ ಬೇಕು, ಎಂಟೂ ಜನ ಒಂದೊಂದು ಸಲಹೆ ಕೊಡುತ್ತಾರೆ.

ಮಡಿಕೇರಿಯಿಂದ ಇಳಿದು ಬಂದ ಕೂಡಲೆ ಟ್ರೈಲರನ್ನು ನೀರಿಗೆ ಬಿಡಬಹುದೆ?

ಒಂದು ಕಾಫಿ ಕುಡಿಯುವಷ್ಟು ಹೊತ್ತು ಕಾಯಿರಿ. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್, ಬಹುಪಾಲು ಇಳಿಜಾರು. ಟ್ರೈಲರಿನ ಬೇರಿಂಗುಗಳು ಕಾದಿರುತ್ತವೆ. ಅವು ಕುಳಿತಿರುವ ಚಕ್ರದ ನಡುಗುಂಬವನ್ನು (ಹಬ್) ಕಾದಿರುವಾಗಲೇ ತಣ್ಣೀರಿಗೆ ಅದ್ದಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆ ಬೇರಿಂಗ್ ತುಕ್ಕು ಹಿಡಿದು ನಿಲ್ಲುವುದು ಮುಂದೊಂದು ದಿನ ಆನೆಕಾಡಿನ ರಸ್ತೆಯಲ್ಲಿ, ಸಂಜೆಯ ಹೊತ್ತಿಗೆ. ಟ್ರೈಲರಿನ ದೀಪದ ವೈರನ್ನೂ ನೀರಿಗಿಳಿಯುವ ಮೊದಲೇ ಕಳಚಿಡಿ.

ದೋಣಿ ಒಂಟಿಯಾಗಿ ಹೊರಟುಹೋಯಿತು. ತಪ್ಪು ಯಾರದು?

ಹಗ್ಗ ಇನ್ನೊಬ್ಬರ ಕೈಯಲ್ಲಿದೆ ಎಂದು ತಿಳಿದ ಇಬ್ಬರದೂ. ಗಂಡ ಹೆಂಡತಿಯನ್ನೂ ಹೆಂಡತಿ ಗಂಡನನ್ನೂ ನೋಡಿ “ನೀವು ಹಿಡ್ಕೊಂಡಿದ್ದೀರಿ ಅಂದುಕೊಂಡೆ” ಎನ್ನುವ ಹೊತ್ತಿಗೆ ದೋಣಿ ಗಾಳಿಗೆ ಮೂತಿ ತಿರುಗಿಸಿ ಹೊರಟಿರುತ್ತದೆ. ಅದರ ಹಿಂದೆ ಈಜಿಕೊಂಡು ಹೋಗಬಾರದು. ಗಾಳಿಗೆ ತೇಲುವ ಖಾಲಿ ದೋಣಿ ಮನುಷ್ಯ ಈಜುವುದಕ್ಕಿಂತ ವೇಗವಾಗಿ ಸಾಗಬಲ್ಲದು, ಹಿನ್ನೀರಿನ ತಳದಲ್ಲಿ ಮುಳುಗಿದ ಮರದ ಬುಡಗಳೂ ಇರುತ್ತವೆ. ಗಾಳಿ ಯಾವ ದಡಕ್ಕೆ ಬೀಸುತ್ತಿದೆಯೋ ಆ ದಡಕ್ಕೆ ನಡೆದುಹೋಗಿ ಕಾಯುವುದೇ ಮೇಲು. ನಾನು ಹಾಗೆ ಒಮ್ಮೆ ಒಂದೂವರೆ ಗಂಟೆ ಕಾದಿದ್ದೇನೆ. ಹುಲ್ಲಿನಲ್ಲಿ ಕುಳಿತದ್ದರಿಂದ ದೋಣಿಗಿಂತ ಮೊದಲು ಜಿಗಣೆಗಳು ಬಂದು ತಲುಪಿದವು.

ದೋಣಿ ಹತ್ತುವಾಗ ಬೀಳುವುದನ್ನು ತಪ್ಪಿಸುವುದು ಹೇಗೆ?

ಎರಡು ದೋಣಿಯಲ್ಲಿ ಕಾಲಿಡಬಾರದು ಎಂದು ನಮ್ಮಲ್ಲಿ ಹೇಳುತ್ತಾರೆ. ಬೀಳಲು ಒಂದು ದೋಣಿಯೇ ಸಾಕು. ದಡದಲ್ಲಿರುವ ಕಾಲಿನಿಂದ ಮೈಯನ್ನು ಮುಂದಕ್ಕೆ ತಳ್ಳಿದಾಗ ದೋಣಿಯಲ್ಲಿಟ್ಟ ಕಾಲು ದೋಣಿಯನ್ನು ದೂರಕ್ಕೆ ತಳ್ಳುತ್ತದೆ. ಎರಡು ಕಾಲುಗಳ ನಡುವಿನ ಅಂತರ ಬೆಳೆಯುತ್ತಾ ಹೋಗುವ ಆ ಮೂರ‍್ನಾಲ್ಕು ಕ್ಷಣಗಳಲ್ಲಿ ಮನುಷ್ಯನ ಮುಖದಲ್ಲಿ ಮೂಡುವ ವಿಚಾರಮಗ್ನತೆಯನ್ನು ಬೇರೆಲ್ಲೂ ಕಾಣಲಾಗದು. ದೋಣಿಯನ್ನು ದಡಕ್ಕೆ ಒತ್ತಿ ಹಿಡಿಯಲು ಒಬ್ಬರಿರಲಿ, ಬಾಗಿ ಅಂಚನ್ನು ಹಿಡಿದು ಪಾದವನ್ನು ನಡುಮಧ್ಯಕ್ಕೆ ಇಡಿ, ಫೋನನ್ನು ಅಂಗಿಯ ಮೇಲ್ಜೇಬಿನಲ್ಲಿ ಇಡಬೇಡಿ. ಲೈಫ್ ಜಾಕೆಟನ್ನು ದೋಣಿ ಹತ್ತಿದ ಮೇಲೆ ತೊಡುವುದಲ್ಲ. ದಡದಲ್ಲಿಯೇ ತೊಟ್ಟು ಬಕಲು ಹಾಕಿಕೊಳ್ಳಬೇಕು.

ಹರಿಗೋಲಿಗೆ ಇವೆಲ್ಲ ಅನ್ವಯಿಸುತ್ತವೆಯೆ?

ಟ್ರೈಲರು ಬೇಡ, ಬಿರಡೆ ಇಲ್ಲ, ಹಿಮ್ಮುಖ ಮುಮ್ಮುಖ ಎಂಬುದೂ ಇಲ್ಲ. ಬಿದಿರಿನ ಆ ದೊಡ್ಡ ಬುಟ್ಟಿಯನ್ನು ಮಗುಚಿ ತಲೆಯ ಮೇಲೆ ಹೊತ್ತುಕೊಂಡು ಹೋದರಾಯಿತು. ಒಂದು ಆಗಸ್ಟಿನಲ್ಲಿ ನಾನೂ ನಮ್ಮ ಚಿಕ್ಕಪ್ಪನೂ ಹಾಗೆ ತೋಟದ ಕೆರೆಗೆ ಹೊತ್ತುಕೊಂಡು ಹೊರಟಾಗ ಮಳೆ ಹಿಡಿಯಿತು. ಇದಕ್ಕಿಂತ ಒಳ್ಳೆಯ ಕೊಡೆ ಉಂಟೆ ಎಂದು ಇಬ್ಬರೂ ಅದರಡಿಯಲ್ಲಿ ಮಾತನಾಡುತ್ತಾ ನಡೆದೆವು. ಕಾಣುತ್ತಿದ್ದದ್ದು ನಮ್ಮ ನಾಲ್ಕು ಪಾದಗಳು ಮಾತ್ರ. ಹದಿನೈದು ನಿಮಿಷದ ಮೇಲೂ ಕೆರೆ ಬಾರದಿದ್ದಾಗ ಎತ್ತಿ ನೋಡಿದರೆ ಪಕ್ಕದವರ ಮೆಣಸಿನ ಬಳ್ಳಿಗಳ ನಡುವೆ ಇದ್ದೆವು, ಅವರ ನಾಯಿ ಬೊಗಳುವುದನ್ನು ಮರೆತು ನಿಂತಿತ್ತು. ನೀರಿನಲ್ಲಿ ಹರಿಗೋಲಿನ ಗುಣ ತಿರುಗುವುದು. ದೋಣಿಯಂತೆ ಪಕ್ಕದಲ್ಲಿ ಹುಟ್ಟು ಹಾಕಿದರೆ ಬುಗುರಿಯಾಗುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಮುಂದಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಇಳಿಯುವಾಗ ಎಲ್ಲರೂ ಒಂದೇ ಅಂಚಿಗೆ ಬಂದರೆ ಅದು ಮಗುಚುವುದರಲ್ಲಿ ಸಂಶಯವಿಲ್ಲ.

ರಾಫ್ಟಿಂಗ್‌ಗೆ ಬಳಸುವ ಗಾಳಿ ತುಂಬಿದ ದೋಣಿ ನೀರಿಗಿಳಿದ ಮೇಲೆ ಮೆತ್ತಗಾಗುವುದೇಕೆ?

ದಡದ ಬಿಸಿಲಿನಲ್ಲಿ ಗಟ್ಟಿಯಾಗಿ ತುಂಬಿದ ಗಾಳಿ ನದಿಯ ತಣ್ಣೀರಿಗೆ ತಾಗಿದೊಡನೆ ಕುಗ್ಗುತ್ತದೆ. ದುಬಾರೆಯಲ್ಲಿಯೂ ದಕ್ಷಿಣ ಕೊಡಗಿನ ಬರಪೊಳೆಯಲ್ಲಿಯೂ ಮಳೆಗಾಲದಲ್ಲಿ ರಾಫ್ಟ್ ನಡೆಸುವವರು ಅದನ್ನು ಮೊದಲು ನೀರಿಗೆ ತಾಗಿಸಿ, ಆಮೇಲೆ ಇನ್ನೊಂದಿಷ್ಟು ಪಂಪು ಹೊಡೆಯುವುದು ಇದಕ್ಕಾಗಿ. ಕೆಲಸ ಮುಗಿದ ಮೇಲೆ ಅದೇ ರಾಫ್ಟನ್ನು ಬಿಸಿಲಿನಲ್ಲಿ ಎಳೆದು ಬಿಟ್ಟರೆ ಹೊಲಿಗೆ ಬಿಡುವಷ್ಟು ಬಿಗಿಯಾಗುತ್ತದೆ. ಸ್ವಲ್ಪ ಗಾಳಿ ಬಿಡಬೇಕು.

ಬೆಳಿಗ್ಗೆ ಇಳಿಸಿದ ಜಾಗ ಸಂಜೆ ಕಾಣಲಿಲ್ಲ. ಇದೇನು?

ಜಲಾಶಯವೇ ಜಾಗ ಬದಲಿಸಿದೆ. ಹಾರಂಗಿಯ ಪೂರ್ಣ ಮಟ್ಟ 2,859 ಅಡಿ. ಜುಲೈಯ ಮಳೆಯಲ್ಲಿ ಒಳಹರಿವು ಜೋರಾದಾಗ ಮಟ್ಟ ಒಂದೇ ದಿನದಲ್ಲಿ ಹಲವು ಅಡಿ ಏರಬಹುದು. ಸಪಾಟಾದ ದಡದಲ್ಲಿ ಮಟ್ಟ ಒಂದು ಅಡಿ ಏರಿದರೂ ನೀರು ಹತ್ತು ಹೆಜ್ಜೆ ಒಳಬರುತ್ತದೆ. ನೀರಿನಂಚಿಗೆ ಜೀಪು ನಿಲ್ಲಿಸಿ ಹೋದವರು ಮರಳಿ ಬಂದಾಗ ಜೀಪಿಗೂ ಹುಟ್ಟು ಹಾಕಬೇಕಾದೀತು. ಬೇಸಿಗೆಯಲ್ಲಿ ಇದರ ತಲೆಕೆಳಗು: ನೀರು ಹಿಂದೆ ಸರಿದು, ಮೇಲೆ ಒಣಗಿ ಬಿರಿದಂತೆ ಕಾಣುವ ಕೆಸರು ಒಳಗೆ ಹಸಿಯಾಗಿಯೇ ಇದ್ದು, ಟ್ರೈಲರನ್ನು ಅಚ್ಚಿನವರೆಗೆ ನುಂಗುತ್ತದೆ. ಕೋಲು ಚುಚ್ಚಿ ನೋಡದೆ ವಾಹನ ಇಳಿಸಬೇಡಿ. ಅಣೆಕಟ್ಟಿನ ಕೆಳಗಿನ ನದಿಯಲ್ಲಿ ಮಾತ್ರ ಇದು ತಮಾಷೆಯ ಮಾತಲ್ಲ. ಗೇಟು ತೆರೆದಾಗ ಹೊಳೆ ಹಠಾತ್ತನೆ ಏರುತ್ತದೆ, ಸೈರನ್ ಕೇಳಿದರೆ ದೋಣಿಯನ್ನು ಬಿಟ್ಟು ಮೇಲೆ ಬನ್ನಿ.

ದೋಣಿಯನ್ನು ಮತ್ತೆ ಟ್ರೈಲರಿಗೆ ಏರಿಸುವಾಗ ಅದು ಓರೆಯಾಗಿ ಕುಳಿತುಕೊಳ್ಳುತ್ತದೆ. ಪರಿಹಾರವೇನು?

ಟ್ರೈಲರನ್ನು ಹೆಚ್ಚು ಆಳಕ್ಕೆ ಬಿಟ್ಟಿದ್ದೀರಿ. ಆಗ ದೋಣಿ ಅದರ ಮೇಲೆ ಎಲ್ಲೆಂದರಲ್ಲಿ ತೇಲಾಡುತ್ತಿದ್ದು, ಮೇಲೆಳೆದಾಗ ಒಂದು ಪಕ್ಕಕ್ಕೆ ಕೂರುತ್ತದೆ. ನನ್ನಂಥ ಸಣ್ಣ ದೋಣಿಗೆ ಟ್ರೈಲರಿನ ಮಡ್‌ಗಾರ್ಡಿನ ನೆತ್ತಿ ನೀರಿನ ಮೇಲೆ ತುಸುವೇ ಕಾಣುವಷ್ಟು ಆಳ ಸರಿಹೋಗುತ್ತದೆ. ಟ್ರೈಲರಿನ ಎರಡು ಹಿಂಮೂಲೆಗಳಿಗೆ ಪಿವಿಸಿ ಪೈಪು ನಿಲ್ಲಿಸಿದರೆ ಅದು ನೀರಿನಡಿಯಲ್ಲಿ ಎಲ್ಲಿದೆಯೆಂಬುದು ತಿಳಿಯುತ್ತದೆ. ಎಂಜಿನ್ ಬಲದಿಂದ ದೋಣಿಯನ್ನು ಟ್ರೈಲರಿನ ಮೇಲೆ ನುಗ್ಗಿಸುವುದು ನೋಡಲು ಗತ್ತಿನ ಕೆಲಸ. ಆದರೆ ಪ್ರೊಪೆಲರಿನ ಹೊಡೆತಕ್ಕೆ ಇಳಿಜಾರಿನ ಕೊನೆಯ ಮಣ್ಣು ಕೊಚ್ಚಿಹೋಗಿ ಹೊಂಡವಾಗುತ್ತದೆ, ಮುಂದಿನವರ ಟ್ರೈಲರಿನ ಚಕ್ರ ಅದರೊಳಗೆ ಇಳಿಯುತ್ತದೆ. ವಿಂಚಿನ ಹಿಡಿಯನ್ನು ತಿರುಗಿಸುವಾಗ ಹಲ್ಲು ತಪ್ಪಿದರೆ ಅದು ಹಿಂದಕ್ಕೆ ಗಿರಗಿರನೆ ತಿರುಗಿ ಮಣಿಕಟ್ಟು ಮುರಿಯಬಲ್ಲದು, ಅದನ್ನು ನಿಲ್ಲಿಸಲು ಕೈ ಒಡ್ಡಬೇಡಿ. ಎಂಜಿನನ್ನು ನೀರಿನಿಂದ ಹೊರಬಂದ ಮೇಲೆ ಓಡಿಸಬಾರದು; ಅದನ್ನು ತಂಪಾಗಿಡುವುದು ನದಿಯ ನೀರೇ, ಒಣಗಿ ಓಡಿದರೆ ಒಳಗಿನ ರಬ್ಬರ್ ಚಕ್ರ ಬೇಗನೆ ಸುಟ್ಟುಹೋಗುತ್ತದೆ.

ನೋಡುವವರು ನಗುತ್ತಾರೆ. ಏನು ಮಾಡಲಿ?

ಭಾನುವಾರ ಬಿಟ್ಟು ಮಂಗಳವಾರ ಹೋಗಿ.

ಮನೆಗೆ ಹೊರಡುವ ಮುನ್ನ ಏನೇನು ನೋಡಬೇಕು?

ಬಿರಡೆ ತೆಗೆದು ನೀರು ಬಸಿಯಲು ಬಿಡಬೇಕು. ಟ್ರೈಲರಿಗೂ ಪ್ರೊಪೆಲರಿಗೂ ಸುತ್ತಿಕೊಂಡ ಜಲಕಳೆಯನ್ನು ಕಿತ್ತು ಅಲ್ಲಿಯೇ ದಡದ ಮೇಲೆ ಒಣಹಾಕಬೇಕು, ಇಲ್ಲವಾದರೆ ಜಲಾಶಯದ ಕಳೆ ನಿಮ್ಮ ಕೆರೆಗೆ ಬಿಟ್ಟಿಯಾಗಿ ಬಂದು ಸೇರುತ್ತದೆ. ಎಂಜಿನನ್ನು ಮೇಲಕ್ಕೆತ್ತಿ ಬಂಧಿಸಬೇಕು, ಪಟ್ಟಿಗಳನ್ನು ಬಿಗಿಯಬೇಕು. ಕೊನೆಯದಾಗಿ, ದೋಣಿಯೊಳಗೆ ಸಡಿಲವಾಗಿರುವ ಪ್ರತಿಯೊಂದನ್ನೂ ಕಟ್ಟಬೇಕು ಅಥವಾ ಕಾರಿಗೆ ಹಾಕಬೇಕು. ಕಳೆದ ಮಳೆಗಾಲದಲ್ಲಿ ಇದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿದ ನಾನು, ಮನೆಗೆ ಬಂದು ಎಣಿಸಿದಾಗ ಆರು ಲೈಫ್ ಜಾಕೆಟುಗಳಲ್ಲಿ ಎರಡೇ ಇದ್ದವು. ಬಂದ ದಾರಿಯಲ್ಲೇ ಹಿಂತಿರುಗಿ ಬೇಲಿಯ ಮೇಲೆ ಒಂದನ್ನೂ ಮೋರಿಯ ಬಳಿ ಎರಡನ್ನೂ ಹೆಕ್ಕಿಕೊಂಡೆ. ಆರನೆಯದು ಹದಿನೈದು ದಿನ ಬಿಟ್ಟು ಗುಡ್ಡೆಹೊಸೂರಿನ ಕಡೆಯ ಒಂದು ಗದ್ದೆಯಲ್ಲಿ ಕಂಡಿತು: ಬೆದರುಬೊಂಬೆಗೆ ತೊಡಿಸಿದ್ದರು, ಮೂರು ಬಕಲುಗಳನ್ನೂ ಸರಿಯಾಗಿ ಹಾಕಿದ್ದರು. ಕೇಳಿ ಪಡೆಯೋಣವೆಂದು ಕಾರು ನಿಲ್ಲಿಸಿದೆ. ಆದರೆ ಗದ್ದೆಯಲ್ಲಿ ಬೊಂಬೆಯ ಸೊಂಟದವರೆಗೂ ನೀರು ನಿಂತಿದ್ದುದರಿಂದ ಬಿಚ್ಚಿಕೊಳ್ಳಲು ಮನಸ್ಸಾಗಲಿಲ್ಲ.